ಲಾಠಿ ಕಮ್ಮಿ ಮಾಡು ತಮ್ಮಾ

ತಮ್ಮಾ, ಗುಂಪಿಗೆ ಹಾಕಿದ ನಿನ್ನ ಕತೆ ಓದಿದೆ. 2090ರ ಸಿಂಧನೂರು, ಕಾಲುವೆ ನೀರೆಲ್ಲ ಒಬ್ಬ ಮಹಾನಾಯಕನ ಕೈಯಲ್ಲಿ. ಜಾಗ ಚೆನ್ನಾಗಿದೆ. ಆದರೆ ಪುಟಪುಟಕ್ಕೂ ಡ್ರೋನ್, ಲಾಠಿ, ಬೂಟಿನ ಸದ್ದು. ಇಷ್ಟು ಪೊಲೀಸರಿಗೆ ಸಂಬಳ ಕೊಡೋರು ಯಾರು? ಈ ಸರ್ಕಾರ ಒಂದು ಬೆಳೆ ಬರೋವರೆಗೂ ಉಳಿಯಲ್ಲ.

ನಮ್ಮ ಬೀದಿ ನಾಟಕದಲ್ಲೂ ಹೀಗೇ ಆಗಿತ್ತು. ಸರ್ವಾಧಿಕಾರಿಗೆ ಕರಿ ಕನ್ನಡಕ, ದೊಡ್ಡ ದನಿ ಕೊಟ್ಟಿದ್ದೆವು. ರಾಯಚೂರಿನಲ್ಲಿ ಆಡಿದಾಗ ಅವನು ಬಂದಾಗೆಲ್ಲ ಹುಡುಗರು ಸೀಟಿ ಹೊಡೆದರು. ಅವನೇ ಹೀರೋ ಆಗಿಬಿಟ್ಟ! ಜನ ಗಪ್‌ಚುಪ್ ಆಗಿದ್ದು ಒಂದೇ ಕಡೆ. ರೇಷನ್ ಅಂಗಡಿಯವನು ಪುಸ್ತಕದಿಂದ ತಲೆ ಎತ್ತದೆ, "ಯಕ್ಕಾ, ನಿನ್ನ ಹೆಸರು ಇದರಾಗ ಇಲ್ಲಲ್ಲ. ನಿನ್ನ ಮಗ ಮೊನ್ನೆ ಸಭೆಗೆ ಬಂದಿದ್ದನೇನು?" ಅಂತ ಕೇಳಿದಾಗ. ಅವನಿಗೆ ಇದ್ದದ್ದೇ ಆ ಎರಡು ಮಾತು. ಆಮೇಲೆ ಸರ್ವಾಧಿಕಾರಿಯ ಪಾತ್ರವನ್ನೇ ಕಿತ್ತು ಹಾಕಿದೆವು. ನಾಟಕ ಆಗ ಕಚ್ಚಿತು.

ನಿನ್ನ ಹತ್ತಿರ ಇನ್ನೂ ಒಳ್ಳೆ ಸಾಧನ ಇದೆ, ನೀರಿನ ಸರದಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರು ನೀರಿಗೆ ಪಡೋ ಪಾಡು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಗೇಟಿನ ಹತ್ತಿರ ಪೊಲೀಸ್ ಬೇಡ. ಒಬ್ಬ ತಪ್ಪು ಮಾತಾಡಿದರೆ ಆ ತೂಬಿನವರ ಎಲ್ಲರ ಸರದಿ ಹಿಂದಕ್ಕೆ ಹೋಗಲಿ. ಪಕ್ಕದ ಹೊಲದವನೇ ಬಂದು, "ಸುಮ್ನಿರಪ್ಪಾ, ನಮ್ಮ ಭತ್ತ ಒಣಗಿಸಬೇಡ" ಅನ್ನುತ್ತಾನೆ. ಕಾವಲು ಪುಕ್ಕಟೆ.

ಆರ್ವೆಲ್ ಓದಿದ್ದೀನಿ ಅಂದೆ. ಅವನ '1984'ರಿಂದ ಪೋಸ್ಟರು, ಮನೆಯೊಳಗೇ ಕಣ್ಣಿಡೋ ಟೆಲಿಸ್ಕ್ರೀನ್ ಮಾತ್ರ ಎತ್ತಿಕೊಂಡಿದ್ದೀಯ. 1949ರಲ್ಲಿ ಬಂದ ಆ ಕಾದಂಬರಿಯಲ್ಲಿ ನಾಯಕನ ನೆರೆಮನೆಯ ಪಾರ್ಸನ್ಸ್‌ನನ್ನು ಹಿಡಿದುಕೊಡೋದು ಅವನ ಏಳು ವರ್ಷದ ಮಗಳು. ಅಪ್ಪ ಜೈಲಲ್ಲಿ ಕೂತು ಮಗಳ ಬಗ್ಗೆ ಹೆಮ್ಮೆ ಪಡುತ್ತಾನೆ! ಆ ಪುಟ ಮತ್ತೆ ಓದು. ಬರೆದವನು 1941ರಿಂದ 43ರವರೆಗೆ ಬಿಬಿಸಿಯಲ್ಲಿ ಭಾರತಕ್ಕೆ ಯುದ್ಧಕಾಲದ ಪ್ರಸಾರ ಮಾಡುತ್ತಿದ್ದ, ಪ್ರಚಾರ ಹೇಗೆ ತಯಾರಾಗುತ್ತೆ ಅಂತ ಒಳಗಿಂದಲೇ ಕಂಡವನು. ಇನ್ನೊಬ್ಬ ಇಂಗ್ಲಿಷ್ ಕಾದಂಬರಿಕಾರ ಹಕ್ಸ್‌ಲೀ 1932ರ 'ಬ್ರೇವ್ ನ್ಯೂ ವರ್ಲ್ಡ್'ನಲ್ಲೇ ಬೇರೆ ದಾರಿ ಹಿಡಿದಿದ್ದ: ಚಿಂತೆ ಮರೆಸೋ ಸೋಮ ಗುಳಿಗೆ, ಮಕ್ಕಳಿಗೆ ನಿದ್ದೆಯಲ್ಲೇ ಪಾಠ. ಆರ್ವೆಲ್‌ಗೆ ಕಾಗದ ಬರೆದು, ಮುಂದಿನ ದೊರೆಗಳಿಗೆ ಲಾಠಿ, ಜೈಲಿಗಿಂತ ಇದೇ ಸಲೀಸು ಅಂತಲೂ ಹೇಳಿದ. ನನ್ನ ಓಟು ಹಕ್ಸ್‌ಲೀಗೆ. ಆದರೆ ನಿನ್ನ ಕತೆಗೆ ಗುಳಿಗೆ ತರಬೇಡ, ಕಾಲುವೆ ಸಾಕು.

ನಾನು ಮಾಡೋದು ಹೀಗೆ. ಕತೆಗೆ ಮುಂಚೆ ಸರ್ಕಾರದ ಪ್ರಕಟಣೆ ಬರೆಯುತ್ತೇನೆ, ಮೈಕ್ ಕಟ್ಟಿದ ಆಟೋದಲ್ಲಿ ಕೂಗೋ ಹಾಗೆ. "ರೈತ ಬಾಂಧವರೇ, ನಿಮ್ಮ ಬೆಳೆಯ ರಕ್ಷಣೆಗಾಗಿ ಇಂದಿನಿಂದ ರಾತ್ರಿ ಕಾಲುವೆ ದಂಡೆ ಮೇಲೆ ಇಬ್ಬರಿಗಿಂತ ಜಾಸ್ತಿ ಜನ ನಿಲ್ಲಬಾರದು. ಸಹಕರಿಸಿದ ತೂಬಿಗೆ ಒಂದು ತಾಸು ಹೆಚ್ಚು ನೀರು." ಇದನ್ನು ಚಹಾ ಅಂಗಡಿಯಲ್ಲಿ ಹಿರಿಯರೊಬ್ಬರಿಗೆ ಓದು. "ಒಳ್ಳೇದೇ ಅಲ್ವಾ" ಅಂದರೆ ಗೆದ್ದೆ. ಬೈದರೆ ತಿದ್ದು. ಕತೆ ಅಂತ ಮೊದಲೇ ಹೇಳು ಮಾರಾಯ, ಇಲ್ಲದಿದ್ರೆ ಸಂಜೆಯೊಳಗೆ ಊರ ತುಂಬ ಸುದ್ದಿ.

ಪ್ರಕಟಣೆಯನ್ನು ಎಐ ಕೈಲಿ ಬರೆಸಬೇಡ, ಯಾವ ಊರಿಗೂ ಸೇರದ ಕನ್ನಡ ಕೊಡುತ್ತೆ. ಗ್ರಾಮ ಪಂಚಾಯ್ತಿ ನೋಟಿಸ್ ಬೋರ್ಡ್ ನೋಡು. 1975ರಿಂದ 77ರ ತುರ್ತು ಪರಿಸ್ಥಿತಿ ಕಾಲದ ಪತ್ರಿಕೆ ಲೈಬ್ರರಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೇದು, ಆಗ ಸೆನ್ಸಾರ್ ಇತ್ತು. ಯಾವ ಸುದ್ದಿ ಇಲ್ಲ ಅಂತ ಹುಡುಕು.

ಹಾಗಂತ ಹೊಡೆತ ಪೂರ್ತಿ ತೆಗೆಯಬೇಡ. ಒಂದೇ ಒಂದು ಇರಲಿ, ಅದೂ ಕಣ್ಣೆದುರು ಬೇಡ. ವಾಪಸ್ ಬಂದವನು ಅದರ ಮಾತೇ ಎತ್ತದಿದ್ದರೆ ಸಾಕು. ಮಹಾನಾಯಕನ ಭಾಷಣ ಮೂರು ಪುಟ ಇದೆ, ಅದನ್ನು ಹೊಡೆದುಹಾಕು. ಅವನ ಬದಲು ನೀರುಗಂಟಿಗೆ, ಅಂದರೆ ಹೊಲಗಳಿಗೆ ಸರದಿ ಮೇಲೆ ನೀರು ಬಿಡೋನಿಗೆ, ಒಂದು ಹೆಸರು ಕೊಡು, ಎಲ್ಲರ ಮನೆ ಮದುವೆಗೂ ಬರೋನು ಇರಲಿ. ತಿದ್ದಿ ಹಾಕುವಾಗ ಫೋಟೋ ತೆಗೆದು ಹಾಕಬೇಡ, ಟೈಪ್ ಮಾಡು. ಕನ್ನಡ ಟೈಪಿಂಗಿಗೆ ಮೊಬೈಲ್‌ನಲ್ಲಿ ಜಿಬೋರ್ಡ್ ಕೀಬೋರ್ಡ್, ಕಂಪ್ಯೂಟರ್‌ನಲ್ಲಿ ನುಡಿ ತಂತ್ರಾಂಶ, ಎರಡೂ ನಡೆಯುತ್ತೆ.