ಕೇಳಿಕೊಂಡು ಬಂದ ನಾಲ್ಕು ಮೊಟ್ಟೆ: ಸಂಪಾದಕರ ಉತ್ತರ

ಮಾನ್ಯರೇ,

ನಾವು ಮೆಚ್ಚಿ ಬರೆದಿದ್ದ ‘ಫನ್ನಿ ಗೇಮ್ಸ್’ ಚಿತ್ರವನ್ನು ನೋಡಿ ನೊಂದು ಪತ್ರ ಬರೆದಿದ್ದೀರಿ. ತಾಯಿ ಬಂದೂಕು ಕಸಿದುಕೊಂಡು ಒಬ್ಬ ಹಂತಕನನ್ನು ಕೊಂದ ಮರುಕ್ಷಣವೇ ಇನ್ನೊಬ್ಬ ರಿಮೋಟ್ ಒತ್ತಿ ಆ ದೃಶ್ಯವನ್ನೇ ಹಿಂದಕ್ಕೆ ಓಡಿಸಿದ್ದು ನೋಡುಗರಿಗೆ ಬಗೆದ ಮೋಸವೆಂದೂ, ಹಿಂಸೆಯನ್ನು ಮಾರುವ ಚಿತ್ರಕ್ಕೆ ಪುಟ ಮೀಸಲಿಟ್ಟದ್ದು ತಪ್ಪೆಂದೂ ನಿಮ್ಮ ಆಕ್ಷೇಪ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಹಿಂಸೆಯನ್ನು ಮಾರುವ ಚಿತ್ರವೆಂಬ ಮಾತನ್ನು ಒಪ್ಪಲಾರೆ.

ಆಸ್ಟ್ರಿಯಾದ ನಿರ್ದೇಶಕ ಮಿಖಾಯೆಲ್ ಹಾನೆಕೆ 1997ರಲ್ಲಿ ತೆಗೆದ ಈ ಚಿತ್ರದಲ್ಲಿ, ರಜೆ ಕಳೆಯಲು ಸರೋವರದ ದಡದ ಮನೆಗೆ ಬಂದ ಗಂಡ, ಹೆಂಡತಿ, ಮಗನ ಬಾಗಿಲಿಗೆ ಬಿಳಿ ಕೈಗವಸು ತೊಟ್ಟ ಯುವಕನೊಬ್ಬ ಬರುತ್ತಾನೆ. ಪಕ್ಕದ ಮನೆಯವರಿಗಾಗಿ ನಾಲ್ಕು ಮೊಟ್ಟೆ ಬೇಕೆಂದು ಬಹು ವಿನಯದಿಂದ ಕೇಳಿ ಪಡೆದು ಒಡೆದುಹಾಕುತ್ತಾನೆ, ಮತ್ತೆ ಕೇಳುತ್ತಾನೆ. ನಡುವೆ ಫೋನು ಸಿಂಕಿನ ನೀರಿಗೆ ಬೀಳುತ್ತದೆ. ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದವರಿಗೆ ಇಲ್ಲವೆನ್ನಲಾರದ ಮನೆಗಳಲ್ಲಿ ಬೆಳೆದ ನಮಗೆ ಆ ಹೆಂಗಸಿನ ಸಂಕೋಚವನ್ನು ಯಾರೂ ವಿವರಿಸಬೇಕಾಗಿಲ್ಲ. ಅಪಾಯದ ವಾಸನೆ ಬಡಿದರೂ ಮರ್ಯಾದೆ ಮೀರಲಾಗದೆ ಆಕೆ ಕಳೆದುಕೊಳ್ಳುವ ಆ ಕೆಲವು ನಿಮಿಷಗಳಲ್ಲೇ ಚಿತ್ರದ ಭಯವೆಲ್ಲ ಇದೆ.

ಇನ್ನು ಹಿಂಸೆಯ ಮಾತು. ಮಗುವನ್ನು ಕೊಲ್ಲುವಾಗ ಕ್ಯಾಮೆರಾ ಅಡುಗೆಮನೆಯಲ್ಲಿ, ತಿನ್ನಲು ಬ್ರೆಡ್ಡು ಸಿದ್ಧಮಾಡಿಕೊಳ್ಳುತ್ತಿರುವ ಇನ್ನೊಬ್ಬ ಹಂತಕನ ಬಳಿ ನಿಂತಿರುತ್ತದೆ. ನಮಗೆ ಕೇಳುವುದು ಗುಂಡಿನ ಸದ್ದು ಮಾತ್ರ. ಬಳಿಕ ರಕ್ತ ಸಿಡಿದ ಟಿವಿಯಲ್ಲಿ ಕಾರುಗಳ ಪಂದ್ಯ ಅರಚುತ್ತಲೇ ಇರುತ್ತದೆ. ಸುಮಾರು ಹತ್ತು ನಿಮಿಷ ಕತ್ತರಿಯೇ ಬೀಳದ ಆ ದೃಶ್ಯದಲ್ಲಿ, ಕಟ್ಟಿಹಾಕಲ್ಪಟ್ಟ ತಾಯಿ ಹೇಗೋ ಎದ್ದು ಹೋಗಿ ಮೊದಲು ಟಿವಿಯನ್ನು ಆರಿಸುತ್ತಾಳೆ. ಸಾವಿನ ನಂತರದ ಮೌನವನ್ನು ಇಷ್ಟು ಗೌರವದಿಂದ ತೋರಿಸಿದ ಭಯದ ಚಿತ್ರವನ್ನು ನಾನು ಬೇರೆ ಕಂಡಿಲ್ಲ.

ಗುಂಡು ತಗುಲುವುದನ್ನು ಕಣ್ಣಾರೆ ತೋರಿಸುವ ಕೊಲೆ ಇಲ್ಲಿ ಒಂದೇ: ನಾವು ಆಗಲೆಂದು ಹಾರೈಸಿದ ಕೊಲೆ. ಅದನ್ನೇ ನಿರ್ದೇಶಕರು ಕಿತ್ತುಕೊಳ್ಳುತ್ತಾರೆ. ಆರಂಭದಲ್ಲಿ ದೋಣಿಯೊಳಗೆ ಬಿದ್ದ ಚಾಕು ಕೊನೆಗೆ ಕಾಪಾಡೀತೆಂದು ಕಾದವರಿಗೂ ಇದೇ ಗತಿ. ಅದು ಸರೋವರದ ಪಾಲಾಗುತ್ತದೆ. ಇಂಥ ಚಿತ್ರಗಳಲ್ಲಿ ನಾವು ಕೊಲೆಯನ್ನು ಖಂಡಿಸುತ್ತಲೇ ಕೊಲೆಗಾಗಿ ಕಾಯುತ್ತಿರುತ್ತೇವೆಂಬ ಸತ್ಯವನ್ನು ಹೇಳಲು ಇದಕ್ಕಿಂತ ನೇರವಾದ ದಾರಿ ನನಗೆ ಕಾಣುತ್ತಿಲ್ಲ. (2007ರಲ್ಲಿ ಅವರೇ ಅಮೆರಿಕದಲ್ಲಿ ಇದನ್ನು ಹೆಚ್ಚುಕಡಿಮೆ ಯಥಾವತ್ತಾಗಿ ಮತ್ತೆ ತೆಗೆದರು, ಮೊದಲಿನದೇ ಸಾಕಿತ್ತೆಂದು ನನ್ನ ಅಭಿಪ್ರಾಯ.)

ಒಂದು ವಿಷಯದಲ್ಲಿ ಮಾತ್ರ ನೀವು ಹೇಳಿದ್ದೇ ಸರಿ. ಮನೆಮಂದಿಯೆಲ್ಲ ಒಟ್ಟಿಗೆ ನೋಡಲು ಕುಳಿತಿದ್ದಿರಿ. ಚಿತ್ರದಲ್ಲಿ ಮಗುವೊಂದು ಸಾಯುತ್ತದೆಂದು ನಮ್ಮ ಲೇಖನ ಮೊದಲೇ ತಿಳಿಸಬೇಕಿತ್ತು. ಅದಕ್ಕಾಗಿ ಕ್ಷಮೆ ಕೋರುತ್ತೇನೆ. ಇನ್ನು ಮುಂದೆ ಇಂಥ ಸೂಚನೆಯನ್ನು ಲೇಖನದ ಆರಂಭದಲ್ಲೇ ಅಚ್ಚುಹಾಕುತ್ತೇವೆ.

— ಸಂಪಾದಕ