ಚಳಿ ಜ್ವರ ಮತ್ತೆ ಯಾಕೆ ಬರುತ್ತೆ? ಸಿಂಧನೂರು ಕಡೆಯಿಂದ ಉತ್ತರ

ಮಲೇರಿಯಾಕ್ಕೆ ಗುಳಿಗೆ ನುಂಗಿ ಆರಾಮಾದವರಿಗೆ ಕೆಲವು ತಿಂಗಳಾದ ಮೇಲೆ ಮತ್ತೆ ಅದೇ ಚಳಿ, ಅದೇ ನಡುಕ ಯಾಕೆ ಅಂತ ಕೇಳಿದಿರಿ. ಔಷಧಿ ಸುಳ್ಳಲ್ಲ. ಅರ್ಧಕ್ಕೆ ಬಿಟ್ಟದ್ದೇ ಜಾಸ್ತಿ ಸಲ ಕಾರಣ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ನೀರು ನಿಂತಲ್ಲಿ ಸೊಳ್ಳೆ ಇದ್ದೇ ಇರುತ್ತೆ. ಮಲೇರಿಯಾದಲ್ಲಿ ವೈವಾಕ್ಸ್ ಅನ್ನೋ ಜಾತಿಯ ರೋಗಾಣು ಲಿವರ್‌ನಲ್ಲಿ ಅಡಗಿ ಮಲಗಿಬಿಡುತ್ತೆ. ಎಷ್ಟೋ ತಿಂಗಳಾದ ಮೇಲೆ ಎದ್ದು ರಕ್ತಕ್ಕೆ ಇಳಿಯುತ್ತೆ. ಅದಕ್ಕೆ ಹೊಸ ಸೊಳ್ಳೆ ಕಚ್ಚಲೇಬೇಕು ಅಂತಿಲ್ಲ.

ಕ್ಲೋರೋಕ್ವಿನ್ 3 ದಿನ ಕೊಡ್ತಾರೆ. ಅದು ರಕ್ತದಲ್ಲಿರೋದನ್ನು ಕೊಲ್ಲುತ್ತೆ, ಜ್ವರ ಇಳಿಯುತ್ತೆ. ಲಿವರ್‌ನಲ್ಲಿ ಮಲಗಿದ್ದಕ್ಕೆ ಪ್ರೈಮಾಕ್ವಿನ್ ಬೇಕು, ದಿನಾ ಒಂದು ಹೊತ್ತು, 14 ದಿನ. ಹಿಂದೆ ನಮ್ಮ ದೇಶದಲ್ಲಿ ಇದನ್ನು 5 ದಿನ ಕೊಡುತ್ತಿದ್ದರು. ಹೋಲಿಸಿ ನೋಡಿದಾಗ ಕೊಡದೇ ಇದ್ದವರಿಗಿಂತ ಇವರಿಗೇನೂ ಹೆಚ್ಚು ಲಾಭ ಕಾಣಲಿಲ್ಲ. 14 ದಿನ ತಗೊಂಡವರಲ್ಲಿ ಜ್ವರ ಮರುಕಳಿಸೋದು ಬಹಳ ಕಡಿಮೆ. ಆದರೂ ನೂರಕ್ಕೆ ನೂರು ಅಂತ ಹೇಳೋಕೆ ಬರಲ್ಲ. ಮೈತೂಕಕ್ಕೆ ತಕ್ಕಷ್ಟು ಔಷಧಿ ಒಟ್ಟು ಸೇರಬೇಕು, ಅದು ಮುಖ್ಯ.

ತೊಂದರೆ ಇರೋದು ನಾಲ್ಕನೇ ದಿನಕ್ಕೆ. ಜ್ವರ ಇರಲ್ಲ, ನಾಟಿ ಕೆಲಸ ಕರೀತಿರುತ್ತೆ, ಗುಳಿಗೆಯ ಪಟ್ಟಿ ಗೋಡೆಯ ಗೂಡಿನಲ್ಲೇ ಉಳಿಯುತ್ತೆ. ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ಹಿಂಡಿತು ಅಂತ ಬಿಡುವವರೂ ಇದ್ದಾರೆ. ರೊಟ್ಟಿ ತಿಂದು ತಗೊಂಡರೆ ಆ ತೊಂದರೆ ಕಡಿಮೆ. ಆಶಾ ಅಕ್ಕ ಬಾಗಿಲಿಗೆ ಬಂದು "ಉಂಡೇನವ್ವ? ನನ್ನ ಮುಂದೇ ಗುಳಿಗಿ ನುಂಗು" ಅಂತ ನಿಲ್ಲೋದು ಇದಕ್ಕೇ. ಅವರ ಆ ನಡಿಗೆ ಔಷಧಿಯಷ್ಟೇ ಕೆಲಸ ಮಾಡುತ್ತೆ ಅಂತ ನಾನು ನಂಬುತ್ತೇನೆ.

ಒಂದು ಎಚ್ಚರ. ಜಿ6ಪಿಡಿ (ರಕ್ತದ ಕೆಂಪುಕಣ ಕಾಯೋ ಒಂದು ಕಿಣ್ವ) ಕೊರತೆ ಹುಟ್ಟಿನಿಂದಲೇ ಇದ್ದವರಿಗೆ ಪ್ರೈಮಾಕ್ವಿನ್‌ನಿಂದ ರಕ್ತದ ಕೆಂಪುಕಣ ಒಡೆಯಬಹುದು. ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ಬಸುರಿಯರಿಗೂ ಹಸುಗೂಸಿಗೂ ಇದನ್ನು ಕೊಡೋದೇ ಇಲ್ಲ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ಯಾಫೆನೋಕ್ವಿನ್ ಅನ್ನೋ ಔಷಧಿಯನ್ನು ಪ್ರೈಮಾಕ್ವಿನ್ ಬದಲು ಒಂದೇ ಸಲ ತಗೊಂಡರೆ ಸಾಕು, ಆದರೆ ಅದಕ್ಕೆ ಮೊದಲು ಈ ಕೊರತೆಯ ಪರೀಕ್ಷೆ ಆಗಲೇಬೇಕು.

ನಿಮ್ಮಲ್ಲಿ ನಮ್ಮ ಕಡೆಯವರು ಗುಳೆ ಬಂದು ಕೆಲಸ ಮಾಡ್ತಿದ್ದರೆ, ಉಳಿದ ಗುಳಿಗೆ ತಂದಿದ್ದಾರಾ ಕೇಳಿ. ಮತ್ತೆ ಜ್ವರ ಬಂದರೆ ಸುಮ್ನೆ ಇಂಜೆಕ್ಷನ್, ಸಲೈನ್ ಹಾಕಿಸಿ ಕಳಿಸಬೇಡಿ. ರಕ್ತ ಪರೀಕ್ಷೆ ಮಾಡಿಸಿ, ಹಿಂದೆಯೂ ಮಲೇರಿಯಾ ಆಗಿತ್ತು ಅಂತ ಡಾಕ್ಟರಿಗೆ ಹೇಳಿಸಿ.