ಪೆನ್ಸಿಲ್ ಸಹಿ ನೋಡಿದ್ರಾ?

ಪ್ರಶ್ನೆ: ಬೆಂಗಳೂರಿನ ಪರಿಚಯದವರೊಬ್ಬರು ಎಂ.ಎಫ್. ಹುಸೇನ್ ಕುದುರೆಯ 'ಲಿಮಿಟೆಡ್ ಎಡಿಷನ್' ಪ್ರಿಂಟ್ ಇದೆ, 60 ಸಾವಿರ ಕೊಡಿ ಅಂತಿದ್ದಾರೆ. ಕೆಳಗೆ 45/100 ಅಂತ ಬರೆದಿದೆ. ಹುಸೇನ್ ಚಿತ್ರ ನೂರು ಕೋಟಿ ದಾಟಿತು ಅಂತ ಪೇಪರ್‌ನಲ್ಲಿ ಓದಿದ್ದೆ. ತಗೊಳ್ಳಲಾ?
– ಓದುಗರು, ಗಾಂಧಿನಗರ, ಬಳ್ಳಾರಿ

ಉತ್ತರ: ಸ್ವಲ್ಪ ತಡೀರಿ. ನೀವು ಓದಿದ್ದು 'ಗ್ರಾಮ ಯಾತ್ರಾ' ವಿಷಯ. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಅದು 1954ರಲ್ಲಿ ಅವರು ಕೈಯಾರೆ ಬರೆದ ತೈಲಚಿತ್ರ, ಇರುವುದೇ ಒಂದು. ನಿಮಗೆ ಕೊಡ್ತೀನಿ ಅಂತಿರುವುದು ಅಚ್ಚು. ಎರಡರ ಲೆಕ್ಕವೇ ಬೇರೆ.

ಹುಸೇನ್ ಪ್ರಿಂಟ್ ಅಂದರೆ ಸಾಮಾನ್ಯವಾಗಿ ಸೆರಿಗ್ರಾಫ್. ಹೆಸರು ಕೇಳಿ ಹೆದರಬೇಡಿ, ನಮ್ಮ ಲಗ್ನಪತ್ರಿಕೆಯ ಸ್ಕ್ರೀನ್ ಪ್ರಿಂಟಿಂಗೇ ಅದು. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಕಟ್ಟಿ, ಮೇಲಿಂದ ಇಂಕು ಎಳೀತಾರೆ. ಬಣ್ಣ ಕಾಗದದ ಮೇಲೆ ಪದರವಾಗಿ ಕೂತಿರುತ್ತೆ. ಕ್ಯಾಲೆಂಡರ್ ಥರ ಆಫ್‌ಸೆಟ್‌ನಲ್ಲಿ ಹೊಡೆದದ್ದಾದರೆ ಅಕ್ಕಸಾಲಿಗರ ಭೂತಗನ್ನಡಿ ಹಿಡಿದಾಗ ಸಾಲು ಸಾಲು ಚುಕ್ಕೆ ಕಾಣುತ್ತೆ. ಇಂಥ ಪ್ರಿಂಟ್‌ನ ಕೆಳಗಿನ ಬಿಳಿ ಪಟ್ಟಿಯಲ್ಲಿ ಕಲಾವಿದರು ಸಾಮಾನ್ಯವಾಗಿ ಪೆನ್ಸಿಲ್‌ನಲ್ಲಿ ಸಹಿ ಹಾಕಿರ್ತಾರೆ. ಭೂತಗನ್ನಡಿಯನ್ನು ಆ ಸಹಿಯ ಮೇಲೂ ಹಿಡೀರಿ, ಅಲ್ಲೂ ಚುಕ್ಕೆ ಕಂಡರೆ ಸಹಿಯೇ ಅಚ್ಚಾದದ್ದು, ಮುಂದಿನ ಮಾತೇ ಬೇಡ. ಅನುಮಾನ ಇದ್ದರೆ ನಿಮ್ಮೂರಿನ ಲಗ್ನಪತ್ರಿಕೆ ಪ್ರೆಸ್‌ನವರಿಗೆ ತೋರಿಸಿ. ಎರಡೇ ನಿಮಿಷದಲ್ಲಿ ಹೇಳಿಬಿಡ್ತಾರೆ, ಎಷ್ಟೋ ಸಲ ದೊಡ್ಡ ಗ್ಯಾಲರಿಯವರಿಗಿಂತ ಅವರ ಕಣ್ಣು ಚುರುಕು.

45/100 ಅಂದರೆ ನೂರರಲ್ಲಿ 45ನೆಯದು. 45ರ ಬದಲು 5 ಇದ್ದಿದ್ರೆ ಬೆಲೆ ಜಾಸ್ತಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಟ್ಟು ಎಷ್ಟು ಹೊಡೆದಿದ್ದಾರೆ ಅನ್ನೋದು ಮುಖ್ಯ. ಆ ನೂರರ ಹೊರಗೆ ಕಲಾವಿದರು ತಮಗಂತ ಇಟ್ಟುಕೊಂಡ ಕೆಲವು ಪ್ರತಿಗಳೂ ಇರಬಹುದು, ಅವಕ್ಕೆ 'ಎ.ಪಿ.' ಅಂತ ಬರೀತಾರೆ.

ಇನ್ನೊಂದು ಮಾತು, ಯಾವ ವರ್ಷ ಅಚ್ಚಾಯಿತು ಅಂತ ಕೇಳಿ. ಹುಸೇನ್ 2011ರಲ್ಲಿ ತೀರಿಕೊಂಡರು. ಆಮೇಲೆ ಅಚ್ಚಾದದ್ದರ ಮೇಲೆ ಅವರದೇ ಪೆನ್ಸಿಲ್ ಸಹಿ ಹೇಗೆ ಬರುತ್ತೆ? ಮೊದಲು ಕೊಂಡಾಗಿನ ಬಿಲ್ ಕೇಳಿ. ಅದೇ ಪ್ರಿಂಟ್ ಹಿಂದೆ ಹರಾಜಿನಲ್ಲಿ ಎಷ್ಟಕ್ಕೆ ಹೋಗಿದೆ ಅಂತ ಹುಡುಕಿ, ದೊಡ್ಡ ಹರಾಜು ಸಂಸ್ಥೆಗಳು ಹಳೇ ಬೆಲೆಗಳನ್ನು ವೆಬ್‌ಸೈಟ್‌ನಲ್ಲೇ ಹಾಕಿರುತ್ತವೆ. 60 ಸಾವಿರ ಅನ್ನೋ ಅಂಕಿ ಸದ್ಯಕ್ಕೆ ಅವರ ಬಾಯಿ ಮಾತು ಅಷ್ಟೇ.

ಪ್ರಶ್ನೆ: ಇಂಗ್ಲೆಂಡಿನ ಬೀದಿ ಕಲಾವಿದ ಬ್ಯಾಂಕ್ಸಿಯ ಚಿತ್ರ ಹರಿದುಹೋದ ಮೇಲೆ ರೇಟ್ ಏರಿತಂತೆ. ಹಾಗಾದರೆ ನಮ್ಮಲ್ಲಿರುವ ಪ್ರಿಂಟನ್ನೂ ಹರಿದು ನೋಡಬಹುದಾ?
– ಕಾಲೇಜು ವಿದ್ಯಾರ್ಥಿ, ರಾಯಚೂರು

ಉತ್ತರ: ಹರಿದರೆ ರದ್ದಿ ಆಗುತ್ತಪ್ಪ. 2018ರಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ ಸುತ್ತಿಗೆ ಬಿದ್ದ ಕೂಡಲೇ, ಚೌಕಟ್ಟಿನೊಳಗೆ ಬ್ಯಾಂಕ್ಸಿಯೇ ಅಡಗಿಸಿಟ್ಟ ಯಂತ್ರ 'ಗರ್ಲ್ ವಿತ್ ಬಲೂನ್' ಅನ್ನೋ ಬಲೂನು ಹುಡುಗಿಯ ಚಿತ್ರವನ್ನು ಅರ್ಧ ಸೀಳಿತು. ಆಗ ಸುಮಾರು 10 ಲಕ್ಷ ಪೌಂಡ್ ಇದ್ದದ್ದು 2021ರಲ್ಲಿ 1.86 ಕೋಟಿ ಪೌಂಡ್ ಆಯಿತು. ಕಲಾವಿದನೇ ಹರಿದಿದ್ದಕ್ಕೆ ಆ ಬೆಲೆ. ಅದೇ ಹುಡುಗಿಯ ಪ್ರಿಂಟ್‌ಗಳು ಬೇರೆ ಇವೆ: ಸಹಿ ಇರುವವು 150, ಇಲ್ಲದವು 600. ಅವಕ್ಕೆ 'ಪೆಸ್ಟ್ ಕಂಟ್ರೋಲ್' ಅನ್ನೋ ಬ್ಯಾಂಕ್ಸಿಯದೇ ಕಚೇರಿಯ ಸರ್ಟಿಫಿಕೇಟ್ ಬೇಕು. ಅದಕ್ಕೆ ರಾಜಕುಮಾರಿ ಡಯಾನಾ ಮುಖದ ನಕಲಿ ಹತ್ತು ಪೌಂಡ್ ನೋಟಿನ ಅರ್ಧ ಹರಿದು ಅಂಟಿಸಿರ್ತಾರೆ. ಉಳಿದರ್ಧ ಕಚೇರಿಯಲ್ಲಿ. ಎರಡೂ ಕೂಡಬೇಕು. ಹರಿಯೋದೇ ಆದರೆ ಹೀಗೆ ಹರೀಬೇಕು ನೋಡಿ!

ಪ್ರಶ್ನೆ: ಹತ್ತು ವರ್ಷದ ಹಿಂದೆ ಕೊಂಡ ಪ್ರಿಂಟ್‌ಗೆ ಕಟ್ಟು ಹಾಕಿಸಬೇಕು. ಏನು ನೋಡಿಕೊಳ್ಳಬೇಕು?
– ಗೃಹಿಣಿ, ಕೊಪ್ಪಳ

ಉತ್ತರ: ಅಮ್ಮಾ, ಅಂಗಡಿಯವರ ಕೈಗೆ ಕೊಡುವ ಮೊದಲೇ ಹೇಳಿ: ಅಂಚು ಕತ್ತರಿಸಬಾರದು, ಹಲಗೆಗೆ ಅಂಟಿಸಬಾರದು, ಗಾಜು ಕಾಗದಕ್ಕೆ ತಾಗಬಾರದು. ಹಿಂದೆ ಆಸಿಡ್ ಇಲ್ಲದ ಬೋರ್ಡ್ ಹಾಕಿಸಿ. ಬೆಂಗಳೂರಿನಿಂದ ತರಿಸಬೇಕಾದರೂ ಪರವಾಗಿಲ್ಲ. ನಮ್ಮ ಕಡೆ ಬೇಸಿಗೆ ಬಿಸಿಲು ಗೊತ್ತಲ್ಲ, ಸಂಜೆ ಬಿಸಿಲು ಬೀಳುವ ಗೋಡೆಗೆ ಮಾತ್ರ ಬೇಡ.

ಇಷ್ಟು ಖಡಕ್ಕಾಗಿ ಯಾಕೆ ಹೇಳ್ತಿದ್ದೀನಿ ಅಂದರೆ, ನಾನು ಮೊದಲು ಕೊಂಡ ಪ್ರಿಂಟನ್ನು ಫ್ರೇಮ್ ಅಂಗಡಿಗೆ ಸುಮ್ನೆ ಕೊಟ್ಟು ಬಂದಿದ್ದೆ. ಸಂಜೆ ಹೋದರೆ ಕಟ್ಟು ಚೆನ್ನಾಗಿಯೇ ಕೂತಿತ್ತು, ಕೆಳಗಿನ ಬಿಳಿ ಪಟ್ಟಿ ಮಾತ್ರ ಇರಲಿಲ್ಲ. 'ಅದರಲ್ಲಿ ಏನೋ ಪೆನ್ಸಿಲ್ ಗೀಚಿತ್ತು ಸಾರ್, ಚೆಂದ ಕಾಣ್ತಿರಲಿಲ್ಲ, ತೆಗೆದುಬಿಟ್ಟೆ' ಅಂದರು.